ಗೋರಿಗಲ್ಲಿನ ಹಾಳಿಯಲ್ಲಿ ಅವನ ಹೆಸರು

"ಬ್ಯಾಡ್ರಿ! ಆ ಹೆಸರು ಕೊಡಬ್ಯಾಡ್ರಿ!"

ರಂಜನಾ ಬರೀ ಕೂಗಲಿಲ್ಲ. ಓಡಿಬಂದು ಅವನ ಬಲಗೈಯನ್ನು ಕೀಬೋರ್ಡಿನ ಮೇಲೆಯೇ ಗಟ್ಟಿಯಾಗಿ ಹಿಡಿದುಬಿಟ್ಟಳು. ಗುರುತಾಗಿ ಇನ್ನೂ ಅರ್ಧ ಗಂಟೆ ಆಗಿರದ ಗಂಡಸಿನ ಕೈ!

ಅವನು ಬೆಚ್ಚಿ ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು... ನಿಜವಾದ ಭಯ.

"ಏನಾತ್ರಿ ಮೇಡಂ? ಟೆಸ್ಟ್ ಪೇಜ್ ತಗೀಲಿಕತ್ತೀನಿ ಅಷ್ಟ. ನನ್ನ ಹೆಸರ ಹೊಡದೀನಿ, ಮತ್ತೊಬ್ಬರದಲ್ಲ."

"ಅದಕ್ಕ ಬ್ಯಾಡ ಅನ್ನಾಕತ್ತೀನಿ! ಅದು ಗೋರಿಗಲ್ಲಿನ ಚೌಕಟ್ಟು. ಅದರೊಳಗ ಜೀವಂತ ಇದ್ದವರ ಹೆಸರು ಬರೀಬಾರ್ದು!"

ಪರದೆಯ ಮೇಲೆ ಬಳ್ಳಿಯ ಅಂಚಿನ ಚೌಕಟ್ಟು. ಅದರ ನಡುವೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಹೆಸರು: ಅಜಯಕುಮಾರ.

ಅವನು ಚೌಕಟ್ಟು ನೋಡಿದ, ಅವಳನ್ನು ನೋಡಿದ, ನಕ್ಕ. ಬಲಗೈ ಅವಳ ವಶದಲ್ಲಿತ್ತು, ಸರಿ. ಎಡಗೈ ಖಾಲಿ ಇತ್ತಲ್ಲ! ಆ ಕೈಯಿಂದ ಗುಂಡಿ ಒತ್ತಿಯೇಬಿಟ್ಟ.

ರಂಜನಾ ಕಣ್ಣು ಮುಚ್ಚಿಕೊಂಡಳು.

ಪ್ರಿಂಟರ್ ಓಗೊಡಲಿಲ್ಲ. ಹಸಿರು ದೀಪ ಉರಿಯುತ್ತಲೇ ಇತ್ತು, ಹಾಳಿ ಬಾಯಿಗೆ ಕೊಟ್ಟಂತೆಯೇ ಇತ್ತು, ಯಂತ್ರ ಮಾತ್ರ ಮೊದಲಿನ ಹಾಗೆಯೇ ಸುಮ್ಮನೆ ಕೂತಿತ್ತು.

"ನೋಡ್ರಿ," ಅಂದ ಅವನು. "ಸಾವಿಗೂ ನಾ ಬ್ಯಾಡಂತ. ಇನ್ನರ ಕೈ ಬಿಡ್ತೀರಿ?"

ಆಗಲೇ ಅವಳಿಗೆ ಅರಿವಾದದ್ದು, ತಾನು ಇನ್ನೂ ಅವನ ಕೈ ಹಿಡಿದೇ ನಿಂತಿದ್ದೇನೆಂದು!

ಅದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಶಹಾಬಾದಿನ ಮಜೀದಸಾಬರ ಕಲ್ಲಿನ ಕಾರಖಾನೆ. ನೆಲಕ್ಕೆ ಹಾಸುವ ಫರಸಿ ಎಲ್ಲರೂ ಮಾಡುತ್ತಿದ್ದರು. ಮಜೀದಸಾಬರ ಹೆಸರಿದ್ದದ್ದು ಅಕ್ಷರದ ಕಲ್ಲಿಗೆ. ಶಾಲೆಯ ಅಡಿಗಲ್ಲು, ಗೋರಿಗಲ್ಲು, ಸಮಾಧಿ ಕಲ್ಲು... ಚಿಂಚೋಳಿ, ಸೇಡಂನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಮೊದಲು ಆ ಅಕ್ಷರಗಳನ್ನು ಕೈಯಲ್ಲಿ ಬರೆದುಕೊಡುತ್ತಿದ್ದವರು ರಂಜನಾಳ ತಂದೆ ಪ್ರಾಣೇಶ ಮಾಸ್ತರು. ಅವರು ತೀರಿಕೊಂಡ ಮೇಲೆ ಆ ಕೆಲಸ ಮಗಳಿಗೆ ಬಂತು. ಅವಳು ಹೆಸರನ್ನು ಕಂಪ್ಯೂಟರಿನಲ್ಲಿ ಜೋಡಿಸಿ ದೊಡ್ಡ ಹಾಳಿಯಲ್ಲಿ ಪ್ರಿಂಟ್ ತೆಗೆಯುವುದು, ಉಳಿ ಹಿಡಿಯುವ ಕೆಲಸಗಾರರು ಅದನ್ನು ಕಲ್ಲಿನ ಮೇಲಿಟ್ಟು ಕೆತ್ತುವುದು.

ಅಲ್ಲಿ ಒಂದು ಕಟ್ಟಳೆ ಇತ್ತು. ಸತ್ತವರ ಹೆಸರು ಬರೆದ ಹಾಳಿಯನ್ನು ಕಸಕ್ಕೆ ಎಸೆಯುವಂತಿಲ್ಲ. ಕೆತ್ತನೆ ಮುಗಿದ ಮೇಲೆ ಕಾಗಿಣಾ ಹೊಳೆಗೆ ಬಿಡಬೇಕು. ಬದುಕಿದ್ದವರ ಹೆಸರನ್ನಂತೂ ಆ ಚೌಕಟ್ಟಿನಲ್ಲಿ ತಮಾಷೆಗೂ ಬರೆಯುವಂತಿಲ್ಲ. ವಾಡಿಯಿಂದ ಬಂದ ಮೆಕ್ಯಾನಿಕ್ಕಿಗೆ ಇದೆಲ್ಲ ಎಲ್ಲಿ ಗೊತ್ತು! ವೈರಸ್ ಕಾಟಕ್ಕೆ ಬೇಸತ್ತು ಮಜೀದಸಾಬರು ಯಾರದೋ ಮಾತು ಕೇಳಿ ಲಿನಕ್ಸ್ ಹಾಕಿಸಿದ್ದರು. ಅದರ ತಲೆಬುಡ ಗೊತ್ತಿದ್ದವರು ಶಹಾಬಾದಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಈ ಮಹಾಶಯ.

ಅವನು ಮೌಸ್ ಮುಟ್ಟದೆ, ಪರದೆಯ ಮೇಲೆ ತೆರೆದ ಕಪ್ಪು ಕಿಟಕಿಯೊಂದರಲ್ಲಿ ಸರಸರ ಟೈಪು ಮಾಡತೊಡಗಿದ.

"ವೈರ್ ಬರೋಬರಿ ಅದ. ಪ್ರಿಂಟರ್ ಹಚ್ಯಾರಂತ ಮಷೀನಿಗೂ ಗೊತ್ತದ, ಯು.ಎಸ್.ಬಿ. ಪಟ್ಟಿಯೊಳಗ ಕಾಣಾಕತ್ತದ. ಆದ್ರ ಅದು ನಿಂತಿರೋ ಬಾಗಲಾ ಜಾಮ್ ಆಗ್ಯದ."

"ಬಾಗಲಾ?"

"ಹೂಂ ಮತ್ತ. ಹಚ್ಚಿದ ಪ್ರಿಂಟರಿಗೆ ಲಿನಕ್ಸ್ ಒಂದು ಬಾಗಲಾ ನಂಬರ್ ಕೊಡ್ತದ. ನಿಮ್ಮದು ಸೊನ್ನೆ ನಂಬರ್. ಹಿಂದಿನ ಕೆಲಸ ಯಾವುದೋ ಅಲ್ಲೇ ಸಿಕ್ಕಿ ಬಿದ್ದದ. ನಾ ಬಂದ ಕೂಡಲೇ ಹಳೇವನ್ನೆಲ್ಲ ಅಳಿಸಿ ನೋಡಿದೆ, ಆದ್ರೂ ತೆರೀವಲ್ದು."

ವೈರು ಕಿತ್ತು ಮತ್ತೆ ಚುಚ್ಚಿದ. ಈ ಸಲ ಯಂತ್ರ ಪ್ರಿಂಟರಿಗೆ ಒಂದನೇ ನಂಬರ್ ಕೊಟ್ಟಿತು. ಆ ಬಾಗಿಲಿಗೆ ಹೊಸದಾಗಿ ಇನ್ನೊಂದು ಪಾಳಿ, ಎಂದರೆ ಪ್ರಿಂಟುಗಳು ಸರದಿಗೆ ನಿಲ್ಲುವ ಸಾಲು, ಕಟ್ಟಿದ. ಖಾಲಿ ಚೌಕಟ್ಟೊಂದನ್ನು ಕಳಿಸಿದ. ಕರ್ರ್... ಎಂದು ಹಾಳಿ ಹೊರಗೆ ಬಂತು!

"ಪೂರ್ತಿ ಸರಿ ಆತೇನ್ರಿ?" ರಂಜನಾ ಕೇಳಿದಳು.

ಅವನು ಯಂತ್ರ ನೋಡಿದ. ಅವಳನ್ನು ನೋಡಿದ. ಒಂದು ಗಳಿಗೆ ತಡೆದ. ಓದುಗರು ಆ ಒಂದು ಗಳಿಗೆಯನ್ನು ನೆನಪಿಟ್ಟುಕೊಳ್ಳಬೇಕು.

"ಪೂರ್ತಿ ಅಲ್ರಿ... ಸದ್ಯಕ್ಕ ನಡೀತದ. ಮಷೀನ್ ಮಾತ್ರ ಬಂದ್ ಮಾಡಬ್ಯಾಡ್ರಿ. ಬಂದ್ ಆತಂದ್ರ ನನಗ ಫೋನ್ ಮಾಡ್ರಿ. ನಾ ಆಗಾಗ ಬಂದು ನೋಡ್ತಿರ್ತೀನಿ."

ಬಂದ. ಆಗಾಗ ಏನು, ವಾರ ವಾರ ಬಂದ!

ಕೀಬೋರ್ಡಿನೊಳಗಿನ ಕಲ್ಲಿನ ಪುಡಿಯನ್ನು ಬಣ್ಣದ ಬ್ರಷ್ಷಿನಿಂದ ಗುಡಿಸುತ್ತ ಕೂರುತ್ತಿದ್ದ. ಅವಳಿಗೂ ಕಪ್ಪು ಕಿಟಕಿಯ ನಾಲ್ಕು ಮಾತು ಕಲಿಸಿದ. ಪ್ರಿಂಟರ್ ಓಗೊಡದಿದ್ದರೆ ಮೊದಲು ವೈರು ನೋಡಬೇಕು, ಆಮೇಲೆ ಪಟ್ಟಿ, ಆಮೇಲೆ ಪಾಳಿ. ಅವಳು ಅವನ ಮುಂದೆ ಚಹಾ ಇಡುತ್ತ "ಅಜಯಕುಮಾರ ಅವ್ರ, ತಗೋರಿ" ಅನ್ನುತ್ತಿದ್ದಳು. ಆ ಹೆಸರನ್ನು ಪೂರ್ತಿಯಾಗಿ, ಒಂದಕ್ಷರವೂ ನುಂಗದೆ ಕರೆಯುವುದು ಅವಳಿಗೆ ಹಿತವಾಗಿತ್ತು. ಯಾಕೆಂದು ಅವಳನ್ನೇ ಕೇಳಿದರೆ ಕೆಂಪಾಗುತ್ತಿದ್ದಳು.

"ಈ ಪ್ರಿಂಟರಿಗೆ ಏನ್ ಬ್ಯಾನಿ ಅದ ಬೇಟಿ?" ಮಜೀದಸಾಬರು ಗಡ್ಡದೊಳಗೇ ನಗುತ್ತಿದ್ದರು. "ವಾರಕ್ಕೊಮ್ಮೆ ಡಾಕ್ಟರ್ ಬೇಕೇ ಬೇಕು!"

ಹೀಗೇ ಮಳೆಗಾಲ ಕಳೆಯಿತು. ಮಾತು ಇಬ್ಬರ ತುದಿ ನಾಲಿಗೆಯವರೆಗೆ ಬಂದು ನಿಂತಿತ್ತು.

ಆಮೇಲೆ ಆ ಏಕಾದಶಿ ಬಂತು.

ರಂಜನಾಳ ತಾಯಿ ಸೀತಾಬಾಯಿ ಮಗಳಿಗೆ ಫಲಾಹಾರದ ಡಬ್ಬಿ ಹಿಡಿದು ಕಾರಖಾನೆಗೇ ಬಂದಿದ್ದರು. ಮಡಿ, ಆಚಾರದ ಹೆಂಗಸು. ಗಂಡನ ಹೆಸರನ್ನು ಈ ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವರಲ್ಲ. ಪೆನ್ಷನ್ ಕಚೇರಿಯಲ್ಲಿ ಗುಮಾಸ್ತ ಕೇಳಿದರೂ "ನಮ್ಮ ಹುಡುಗಿ ಹೇಳ್ತಾಳ್ರಿ" ಎಂದು ಪಕ್ಕಕ್ಕೆ ಸರಿಯುವವರು.

ಅದೇ ಹೊತ್ತಿಗೆ ಅಜಯಕುಮಾರ ಬಂದ. ಕರೆಯದೆ ಬಂದಿದ್ದ. ಮುಖ ಬಾಡಿತ್ತು, ಕಣ್ಣು ಕೆಂಪಾಗಿದ್ದವು. "ರಂಜನಾ ಅವ್ರ, ನಿಮಗೊಂದು ಮಾತು..." ಎಂದವನು ಸೀತಾಬಾಯಿಯನ್ನು ನೋಡಿ ನಿಂತ.

"ಯಾರ ರಂಜೂ ಇವರು?" ತಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪೂರಾ ಹೆಸರೇನು? ಯಾರ ಪೈಕಿ?"

ಆ ಪ್ರಶ್ನೆಯ ಕೊನೆಯ ಎರಡು ಪದ ಏನು ಕೇಳುತ್ತಿವೆ ಎಂಬುದು ಮೂವರಿಗೂ ಗೊತ್ತಿತ್ತು. ಅವನು ಬೌದ್ಧರ ಮನೆಯ ಹುಡುಗ. ಅವನು ಬಾಯಿ ತೆರೆಯುವುದರೊಳಗೆ ರಂಜನಾ ನಡುವೆ ನುಗ್ಗಿದಳು.

"ಯಾರೂ ಅಲ್ಲಮ್ಮ! ಪ್ರಿಂಟರ್ ರಿಪೇರಿಯವ್ರು."

ಯಾರೂ ಅಲ್ಲ...

ಅವನು ಒಮ್ಮೆ ಅವಳನ್ನು ನೋಡಿದ. "ಹೌದ್ರಿ ಅಮ್ಮ. ಪ್ರಿಂಟರ್ ಬರೋಬರಿ ಅದ. ನಾ ಬರ್ತೀನಿ," ಅಂದ.

ಬರಲಿಲ್ಲ. ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಮೊಬೈಲು ಬಂದಾಗಿತ್ತು. ವಾಡಿಯ ಅಂಗಡಿಯ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು.

'ಏನು ಹೇಳಲು ಬಂದಿದ್ದ? ನಾನ್ಯಾಕೆ ಹಾಗಂದೆ? ಒಂದು ಹೆಸರು ಹೇಳುವಷ್ಟು ಧೈರ್ಯ ಇಲ್ಲದವಳು ಪ್ರೀತಿಸಿದ್ದಾದರೂ ಯಾವ ಮುಖ ಇಟ್ಟುಕೊಂಡು?' ಎಂದು ಅವಳು ತನ್ನನ್ನೇ ಬೈದುಕೊಂಡಳು. ಪ್ರಿಂಟರ್ ಒಮ್ಮೆಯಾದರೂ ಕೆಡಬಾರದೇ ಎಂದು ಹರಕೆ ಹೊರುವಷ್ಟಾಯಿತು. ಅದೋ, ಹಟ ಹಿಡಿದಂತೆ ಚೆನ್ನಾಗಿ ನಡೆಯುತ್ತಿತ್ತು.

ಒಂದು ಶುಕ್ರವಾರ.

ಬೆಳಗಿನಿಂದ ಕರೆಂಟಿಲ್ಲ. ಇನ್ವರ್ಟರ್ ಕೂಗಿ ಕೂಗಿ ಕೊನೆಗೆ ಸತ್ತೇಹೋಯಿತು. ಅಷ್ಟು ತಿಂಗಳು ಒಂದೇ ಸಮನೆ ನಡೆದಿದ್ದ ಕಂಪ್ಯೂಟರ್ ಮೊದಲ ಬಾರಿ ಬಂದಾಯಿತು. ಮಧ್ಯಾಹ್ನ ಮಜೀದಸಾಬರೂ ಉಳಿಯವರೂ ನಮಾಜಿಗೆ ಹೋದರು. ಕಲ್ಲು ಉಜ್ಜುವ ಲಾಲಮ್ಮ ಆಚೆ ಬೇವಿನ ನೆರಳಲ್ಲಿ ಮಲಗಿದ್ದಳು.

ಗೋಡೆಗೆ ಒರಗಿಸಿಟ್ಟ ಹೆಸರಿಲ್ಲದ ಗೋರಿಗಲ್ಲುಗಳ ಸಾಲು. ಎಲ್ಲದರ ಮೇಲೂ ಬಿಳಿ ಪುಡಿ. ಉಜ್ಜುವ ಯಂತ್ರದ ಗದ್ದಲಕ್ಕೆ ಒಗ್ಗಿದ ಕಿವಿಗೆ ಆ ನಿಶ್ಶಬ್ದ ಭಾರವಾಗಿತ್ತು. ರಂಜನಾ ಬಾಗಿಲ ಹೊರಗೆ ನಿಂತು ಕೈ ತೊಳೆಯುತ್ತಿದ್ದಳು.

ಒಳಗೆ ಟಕ್ ಎಂದು ಸದ್ದಾಯಿತು.

ಫ್ಯಾನು ತಿರುಗತೊಡಗಿತು. ಓ, ಕರೆಂಟು... ಕಂಪ್ಯೂಟರೂ ತಾನಾಗಿಯೇ ಗುಂಯ್ ಅನ್ನಲು ಶುರು ಮಾಡಿತು. ಅವಳು ಸೆರಗಿನಲ್ಲಿ ಕೈ ಒರೆಸುತ್ತ ನಿಂತಲ್ಲೇ ನಿಂತಳು. ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ... ಕರ್ರ್... ಕರ್ರ್...

ಪ್ರಿಂಟರ್ ಹಾಳಿ ಎಳೆದುಕೊಳ್ಳುತ್ತಿತ್ತು!

ಯಾರು? ಒಳಗೆ ಯಾರಿದ್ದಾರೆ? ಅವಳು ಹೊಸ್ತಿಲಿಗೆ ಬಂದು ನೋಡಿದಳು. ಯಾರೂ ಇಲ್ಲ. ನೆಲದ ಬಿಳಿ ಪುಡಿಯ ಮೇಲೆ ಇದ್ದದ್ದು ಅವಳವೇ ಹೆಜ್ಜೆ ಗುರುತುಗಳು.

ಹಾಳಿ ನಿಧಾನವಾಗಿ ಹೊರಬರುತ್ತಿತ್ತು. ಮೊದಲು ಬಳ್ಳಿಯ ಅಂಚು. ಆಮೇಲೆ ಖಾಲಿ ಬಿಳುಪು. ಆಮೇಲೆ ಅಕ್ಷರಗಳ ತಲೆಕಟ್ಟು ಮಾತ್ರ, ಒಂದು ಸಾಲಾಗಿ. ಯಾರ ಹೆಸರೆಂದು ಇನ್ನೂ ಗೊತ್ತಾಗುವಂತಿರಲಿಲ್ಲ. ಅವಳ ಎದೆಗೆ ಮಾತ್ರ ಅಷ್ಟರಲ್ಲೇ ಗೊತ್ತಾಗಿಹೋಗಿತ್ತು.

ಅಜಯಕುಮಾರ.

ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ತಂದೆ ನಾಮದೇವ.

ಹಾಳಿ ಕಳಚಿ ತಟ್ಟೆಗೆ ಬಿತ್ತು. ಪ್ರಿಂಟರ್ ಸುಮ್ಮನಾಯಿತು.

ರಂಜನಾ ಕುರ್ಚಿ ಎಳೆದುಕೊಂಡಳು. ಇದೇನೋ ಯಂತ್ರದ ಆಟ ಇರಬೇಕು. ಬೇರೆ ಪ್ರಿಂಟ್ ಕೊಟ್ಟು ನೋಡೋಣ. ಸಂಜೆಗೆ ಕೊಡಬೇಕಿದ್ದ ಕಲ್ಲಿನ ಹೆಸರು ತೆರೆದಳು: ತಾಜುನ್ನಿಸಾ. ಪ್ರಿಂಟ್ ಕೊಟ್ಟಳು.

ಪ್ರಿಂಟರ್ ಓಗೊಡಲಿಲ್ಲ.

ಅವನು ಕಲಿಸಿದಂತೆ ವೈರು ನೋಡಿದಳು. ಸರಿ ಇತ್ತು. ಕಪ್ಪು ಕಿಟಕಿ ತೆರೆದು ಪಟ್ಟಿ ನೋಡಿದಳು. ಪಟ್ಟಿಯಲ್ಲಿ ಪ್ರಿಂಟರ್ ಇತ್ತು. ಹಸಿರು ದೀಪ ಉರಿಯುತ್ತಿತ್ತು. ಮತ್ತೊಂದು ಹೆಸರು ಕೊಟ್ಟಳು, ಖಾಲಿ ಚೌಕಟ್ಟು ಕೊಟ್ಟಳು. ಊಹೂಂ!

ಆ ಒಂದು ಹೆಸರು ಬರೆದು, ಮತ್ತಾರ ಹೆಸರೂ ಬರೆಯುವುದಿಲ್ಲವೆಂದು ಕೂತುಬಿಟ್ಟಿತ್ತು ಯಂತ್ರ.

"ಯವ್ವಾ..."

ಬೆನ್ನ ಹಿಂದಿನ ದನಿಗೆ ರಂಜನಾ ಚೀರಿಯೇಬಿಟ್ಟಳು. ಲಾಲಮ್ಮ. ಹುಬ್ಬಿಗೂ ರೆಪ್ಪೆಗೂ ಕಲ್ಲಿನ ಪುಡಿ ಮೆತ್ತಿ ಮುಖವೆಲ್ಲ ಬಿಳಿಯಾಗಿತ್ತು. ಓದು ಬಾರದ ಮುದುಕಿ. ಆದರೆ ಚೌಕಟ್ಟಿನ ಗುರುತು ಅವಳಿಗಿತ್ತು.

"ಯಾರ ಹೆಸರವ್ವ ಅದು?"

"ಪ್ರಿಂಟರಿನವ್ರದು... ಅಜಯಕುಮಾರ ಅವ್ರದು. ಲಾಲಮ್ಮ, ನಾ ಕೊಟ್ಟಿಲ್ಲ! ತಾನಾ ಬಂತು!"

ಲಾಲಮ್ಮ ಹಾಳಿಯನ್ನು ಮುಟ್ಟದೆ ಬಗ್ಗಿ ನೋಡಿದಳು. "ಇದ್ದಾನೇನು ಆ ಹುಡುಗ?"

ಇದ್ದಾನೇನು... ಬಂದಾದ ಮೊಬೈಲು, ಯಾರೂ ಎತ್ತದ ಫೋನು, ಬಾಡಿದ ಮುಖ... ರಂಜನಾಳಿಗೆ ಎಲ್ಲ ಒಟ್ಟಿಗೆ ನೆನಪಾಯಿತು.

"ಇದ್ರ, ಈ ಹಾಳಿ ಅವನ ಕೈಗೆ ಮುಟ್ಟಬೇಕು," ಲಾಲಮ್ಮ ಹೇಳಿದಳು. "ಅವನ ಕೈಲೆ ಹರೀಬೇಕು. ದೀಪ ಹಚ್ಚೋದ್ರೊಳಗ. ಇಲ್ಲಂದ್ರ..."

"ಇಲ್ಲಂದ್ರ?"

"ನಡಿ ಯವ್ವ, ಹೊತ್ತು ಮಾಡಬ್ಯಾಡ."

ರಂಜನಾ ಹಾಳಿಯನ್ನು ಸುತ್ತಿ ಎದೆಗೆ ಅವಚಿಕೊಂಡು ರಸ್ತೆಗೆ ಓಡಿದಳು. ವಾಡಿಗೆ ಹೋಗುವ ಟಂಟಂ ಆಟೋದಲ್ಲಿ ಜನರ ನಡುವೆ ಸಿಕ್ಕಿಕೊಂಡು ಕೂತಳು. 'ದೇವರೇ, ಅವನು ಇರಲಿ. ನನ್ನ ಮೇಲೆ ಸಿಟ್ಟಾಗಿರಲಿ, ಮುಖ ನೋಡದಿರಲಿ, ಬೈಯಲಿ... ಇದ್ದರೆ ಸಾಕು!'

ವಾಡಿಯಲ್ಲಿ ಅಂಗಡಿಗೆ ಬೀಗ. ಬೀಗದ ಮೇಲೆ ಧೂಳು. ಪಕ್ಕದ ಪಾನಿನ ಅಂಗಡಿಯವನು ಅವಳನ್ನು ನೋಡಿ ದನಿ ತಗ್ಗಿಸಿದ.

"ಅವರ ಮನ್ಯಾಗ ತೀರಿಕೊಂಡಾರ್ರಿ. ಇವತ್ತ ಪುಣ್ಯಾನುಮೋದನ ಅದ, ದಿನದ ಕಾರ್ಯ. ಸೀದಾ ಹೋಗ್ರಿ, ಮಂದಿ ಕೂತಿದ್ದು ಕಾಣ್ತದ."

ಯಾರು ತೀರಿಕೊಂಡರೆಂದು ಕೇಳದೆಯೇ ಅವಳು ಓಡಿದಳು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಬಿಳಿ ಬಟ್ಟೆ ಉಟ್ಟವರು ಸಾಲಾಗಿ ಕೂತಿದ್ದರು. ಎದುರು ಗೋಡೆಯಲ್ಲಿ ಬುದ್ಧನ ಪಟ. ಅದರ ಕೆಳಗೆ ಕುರ್ಚಿಯ ಮೇಲೆ ಒಂದು ಫೋಟೋ. ದಪ್ಪನೆಯ ಹಾರದೊಳಗೆ ಮುಖ ಮುಚ್ಚಿಹೋಗಿತ್ತು. ಕಂಡದ್ದು ಹಣೆ ಮತ್ತು ಹುಬ್ಬು ಮಾತ್ರ.

ಅವನ ಹಣೆ... ಅವನದೇ ಹುಬ್ಬು!

ರಂಜನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಜಯಕುಮಾರ..." ಅವಳ ಬಾಯಿಂದ ಆ ಹೆಸರು ಹೊರಬಿತ್ತು. ಅಷ್ಟು ಜನರ ಮುಂದೆ, ಅಷ್ಟು ಜೋರಾಗಿ.

"ರಂಜನಾ ಅವ್ರ?"

ದನಿ ಬಂದದ್ದು ಹಿಂದಿನಿಂದ.

ನೀರಿನ ಕೊಡ ಹೊತ್ತು ನಿಂತಿದ್ದ. ಬೋಳಿಸಿದ ತಲೆ, ಬಿಳಿ ಅಂಗಿ, ಇಳಿದುಹೋದ ಕೆನ್ನೆ. ಒಂದು ಗಳಿಗೆ ಅವಳಿಗೆ ಇವನು ನಿಜವೋ ಅಲ್ಲವೋ ತಿಳಿಯಲಿಲ್ಲ. ಕೈ ಚಾಚಿ ಅವನ ತೋಳು ಮುಟ್ಟಿದಳು. ಬೆಚ್ಚಗಿತ್ತು. ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ತೀರಿಕೊಂಡವರು ಅವನ ತಂದೆ ನಾಮದೇವ. ಏಕಾದಶಿಯ ಆ ದಿನ ಅವರನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿ, ಅಜಯಕುಮಾರ ಸೀದಾ ಶಹಾಬಾದಿಗೆ ಬಂದಿದ್ದ. ಭಯವಾಗಿತ್ತು, ಅವಳ ಬಳಿ ಹೇಳಿಕೊಳ್ಳಬೇಕಿತ್ತು. ಅಷ್ಟೇ. ಆಮೇಲೆ ಅವರು ಆಸ್ಪತ್ರೆಯಿಂದ ಮರಳಲೇ ಇಲ್ಲ.

"ನನಗ್ಯಾಕ ಹೇಳಲಿಲ್ಲ?"

"ಯಾರೂ ಅಲ್ಲದವ ಯಾರಿಗಂತ ಹೇಳಬೇಕ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವಳು ಸುತ್ತಿದ ಹಾಳಿ ಅವನ ಕೈಗಿಟ್ಟಳು. ಯಾವಾಗ ಬಂತು, ಹೇಗೆ ಬಂತು, ಲಾಲಮ್ಮ ಏನೆಂದಳು... ಎಲ್ಲ ಹೇಳಿದಳು.

ಅವನು ಹಾಳಿ ಬಿಡಿಸಿದ. ಎರಡನೆಯ ಸಾಲಿಗೆ ಬಂದ ಅವನ ಕಣ್ಣು ಅಲ್ಲೇ ನಿಂತಿತು. ಮುಖದ ಬಣ್ಣ ಬದಲಾಯಿತು.

ಒಳಗೆ ಅವನ ತಾಯಿ ಅನಸುಬಾಯಿ ಮೇಣಬತ್ತಿ ಹಚ್ಚಲು ಕಡ್ಡಿ ಗೀರುತ್ತಿದ್ದರು.

"ಜಲ್ದಿ ಹರೀರಿ!" ರಂಜನಾ ಕೈ ಮುಗಿದಳು. "ನಾ ಹುಚ್ಚಿ ಅಂತ ಬೇಕಾದ್ರ ಅನ್ರಿ. ಹರೀರಿ!"

"ಅಪ್ಪನ ಹೆಸರು ಹರಿಯಾಕ ನನಗ ಆಗಂಗಿಲ್ಲ," ಅಂದ ಅವನು ಮೆಲ್ಲಗೆ. ಆಮೇಲೆ ಎರಡು ಹೆಸರುಗಳ ನಡುವೆ ಹಾಳಿ ಮಡಚಿ, ಉಗುರಿನಿಂದ ಒತ್ತಿ, ಸರಿಯಾಗಿ ಎರಡು ತುಂಡು ಮಾಡಿದ. ಒಳಗೆ ಬತ್ತಿ ಹೊತ್ತಿಕೊಂಡಿತು.

ತಂದೆಯ ಹೆಸರಿನ ತುಂಡನ್ನು ಕಿಸೆಯಲ್ಲಿಟ್ಟುಕೊಂಡ. ತನ್ನ ಹೆಸರಿನ ತುಂಡು ಅವನ ಕೈಯಲ್ಲೇ ಉಳಿಯಿತು.

"ಅದನ್ನ ನನಗ ಕೊಡ್ರಿ," ಅಂದಳು ರಂಜನಾ. ಅವನು ಕೊಟ್ಟ.

ಸೋಮವಾರ ಅವನು ಕಾರಖಾನೆಗೆ ಬಂದ. ತಂದೆಯ ಸಮಾಧಿಗೆ ಕಲ್ಲು ಮಾಡಿಸಬೇಕಿತ್ತು.

ಕಪ್ಪು ಕಿಟಕಿ ತೆರೆದು ನೋಡುತ್ತಿದ್ದಂತೆ ತಲೆ ಮೇಲೆ ಕೈ ಹೊತ್ತ.

"ದೆವ್ವ ಅಲ್ರಿ ಇದು, ನಾನ ಮಾಡಿದ್ದು! ಆವತ್ತು ಸೊನ್ನೆ ನಂಬರ್ ಬಾಗಲದಾಗ ನನ್ನ ಟೆಸ್ಟ್ ಪೇಜ್ ಬಿಟ್ಟಿದ್ನಲ್ಲ, ಅದನ್ನ ಅಳಿಸೇ ಇಲ್ಲ. ಅದು ಅಲ್ಲೇ ನಿಂತು ಅರ್ಧ ನಿಮಿಷಕ್ಕೊಮ್ಮೆ ಬಾಗಲಾ ತಟ್ಟಾಕತ್ತಿತ್ತು, ತೆರದದೇನು ಅಂತ. ಶುಕ್ರವಾರ ಮಷೀನ್ ಬಂದ್ ಆಗಿ ಮತ್ತ ಚಾಲೂ ಆತು. ಪ್ರಿಂಟರ್ ಮೊದಲಿನಂಗ ಸೊನ್ನೆ ನಂಬರಿಗೇ ಬಂತು. ಬಾಗಲಾ ತೆರೀತು, ನನ್ನ ಹೆಸರು ಹೊರಗ ಬಂತು."

"ಮತ್ತ ತಾಜುನ್ನಿಸಾ ಅವ್ರದು?"

"ನಿಮ್ಮವೆಲ್ಲ ಒಂದನೇ ನಂಬರಿಗೆ ನಿಂತಾವ. ಅಲ್ಲಿ ಈಗ ಯಾರೂ ಇಲ್ಲ."

"ಮಷೀನ್ ತಾನಾ ಹೆಂಗ ಚಾಲೂ ಆತು?"

"ಕರೆಂಟ್ ಬಂದ ಕೂಡಲೇ ಚಾಲೂ ಆ‌ಗ್ಲಿ ಅಂತ ನಾನ ಇಟ್ಟಿದ್ದೆ."

ಭಯದ ಜಾಗದಲ್ಲಿ ಈಗ ರಂಜನಾಳಿಗೆ ಸಿಟ್ಟು ಬಂತು. ಎಂಥಾ ಸಿಟ್ಟು! "ಹಂಗಿದ್ರ ಆವತ್ತ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಎಲ್ಲಾ ಸರಿ ಆಗ್ತಿತ್ತೇನು?"

"ಆಗ್ತಿತ್ತು."

"ಗೊತ್ತಿದ್ದೂ ಅರ್ಧಕ್ಕ ಯಾಕ ಬಿಟ್ರಿ? ನಾ ಜೀವ ಕೈಯಾಗ ಹಿಡಕೊಂಡು ವಾಡಿಗೆ ಓಡಿದೆ!"

ಅವನು ಕೀಬೋರ್ಡಿನ ಮೇಲಿನ ಪುಡಿಯನ್ನು ಬೆರಳಿನಿಂದ ಒರೆಸಿದ. "ಪೂರ್ತಿ ಸರಿ ಮಾಡಿದ್ರ ನೀವು ಮತ್ತ ನನ್ನ ಕರೀತಿದ್ದಿಲ್ಲ ರಂಜನಾ. ಆವತ್ತ ನೀವು ಕೈ ಹಿಡದ್ರಲ್ಲ... ಆವತ್ತಿಂದ ನಾನೂ ಹಂಗ ತಟ್ಟಕೋತ ನಿಂತೀನಿ."

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ತುಟಿ ಕಚ್ಚಿ ಅಳು ತಡೆದಳು.

"ಆದ್ರ..." ಅವನು ದನಿ ತಗ್ಗಿಸಿದ. "ಒಂದು ಮಾತು ನನಗ ತಿಳೀವಲ್ದು. ನಾ ಆವತ್ತು ಹೊಡದಿದ್ದು ನನ್ನ ಹೆಸರಷ್ಟ. ಅಪ್ಪನ ಹೆಸರು ಹೊಡದಿದ್ದಿಲ್ಲ."

ಹೌದಲ್ಲ! ಪರದೆಯ ಮೇಲೆ ಆ ದಿನ ಇದ್ದದ್ದು ಒಂದೇ ಹೆಸರು. ಅವಳೂ ಕಣ್ಣಾರೆ ನೋಡಿದ್ದಳು!

ಅವನು ಆ ದಿನದ ಫೈಲು ಹುಡುಕಿ ತೆರೆದ. ಬಳ್ಳಿಯ ಅಂಚು, ನಡುವೆ ಅಜಯಕುಮಾರ, ಕೆಳಗೆ ಖಾಲಿ. ಆಮೇಲೆ ಯಾರೂ ಅದನ್ನು ತಿದ್ದಿರಲಿಲ್ಲ.

ಬಾಗಿಲಲ್ಲಿ ಕಲ್ಲು ಉಜ್ಜುತ್ತಿದ್ದ ಲಾಲಮ್ಮ ತಲೆ ಎತ್ತಲಿಲ್ಲ. "ಗೋರಿಗಲ್ಲಿನ ಹಾಳಿ ಮ್ಯಾಲ ಮಗ ಒಬ್ಬನ ನಿಂತಾನ ಅಂದ್ರ, ಅಪ್ಪ ಹೆಂಗ ಬಿಡ್ತಾನಪ್ಪ? ತಾನೂ ಬಂದು ನಿಂತಾನ," ಅಂದಳು, ನಿತ್ಯದ ಮಾತಿನಂತೆ.

ಅಜಯಕುಮಾರನ ಕಣ್ಣು ತುಂಬಿ ಬಂತು. ರಂಜನಾ ತಾನೇ ಕೀಬೋರ್ಡ್ ಎಳೆದುಕೊಂಡು, ಹೊಸ ಚೌಕಟ್ಟು ತೆರೆದು, ತನ್ನ ತಂದೆ ಕಲಿಸಿದ ಅಳತೆಯಲ್ಲಿ ಒಂದೊಂದೇ ಅಕ್ಷರ ಕೂಡಿಸಿದಳು. ನಾಮದೇವ. ಅವನು ಹಳೆಯ ಪಾಳಿಗಳನ್ನೆಲ್ಲ ಅಳಿಸಿ ಒಂದೇ ಪಾಳಿ ಉಳಿಸಿದ. ಪ್ರಿಂಟರ್ ಕರ್ರ್ ಎಂದು ಓಗೊಟ್ಟಿತು.

"ರಂಜೂ, ಡಬ್ಬಿ ಮರ್ತು ಬಂದೀಯಲ್ಲ!"

ಸೀತಾಬಾಯಿ. ಬಾಗಿಲಲ್ಲಿ ನಿಂತಿದ್ದರು. ಅವನ ಬೋಳು ತಲೆ ನೋಡಿದರು, ಮಗಳ ಒದ್ದೆ ಕಣ್ಣು ನೋಡಿದರು.

"ಯಾರಿವರು?"

ಅದೇ ಪ್ರಶ್ನೆ. ಅವನು ಎದ್ದು ಹೊರಡಲು ಚೀಲಕ್ಕೆ ಕೈ ಹಾಕಿದ. ರಂಜನಾ ಚೀಲದ ಪಟ್ಟಿ ಹಿಡಿದಳು.

"ಅಜಯಕುಮಾರ ಅಂತಮ್ಮ. ತಂದೆ ನಾಮದೇವ. ವಾಡಿಯವ್ರು, ಬೌದ್ಧರು." ಅವಳು ಪಟ್ಟಿ ಬಿಡಲಿಲ್ಲ. "ಆವತ್ತ ಯಾರೂ ಅಲ್ಲ ಅಂದಿದ್ದೆ. ಸುಳ್ಳು ಹೇಳಿದ್ದೆ. ನನಗ ಇವರೇ ಎಲ್ಲಾ."

ಸೀತಾಬಾಯಿ ಪ್ರಿಂಟರಿನ ತಟ್ಟೆಯಲ್ಲಿದ್ದ ಹಾಳಿಯತ್ತ ನೋಡಿದರು. ಗಂಡನ ಕೈಯಲ್ಲಿ ಎಷ್ಟೋ ವರ್ಷ ನೋಡಿದ ಅಕ್ಷರದ ಮಾಟ ಅದರಲ್ಲಿತ್ತು.

"ತಂದಿ ತೀರಿಕೊಂಡಾರೇನಪ್ಪ?"

"ಹೌದ್ರಿ ಅಮ್ಮ."

ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನನಗ ವಿಚಾರ ಮಾಡ್ಲಿಕ್ಕೆ ಟೈಮ್ ಬೇಕು ರಂಜೂ. ನಾ ಇವತ್ತ ಹೂಂ ಅನ್ನಂಗಿಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. "ಮುಖ ನೋಡಿದ್ರ ಊಟ ಮಾಡಿ ಎಷ್ಟು ದಿನ ಆತೋ. ಡಬ್ಬಿಯೊಳಗ ಇಬ್ಬರಿಗೆ ಆಗೋವಷ್ಟು ಅದ."

ಅವರು ಹೂಂ ಅನ್ನಲು ಚಳಿಗಾಲ ಮುಗಿಯಬೇಕಾಯಿತು. ಅಂದರು.

ಅದಕ್ಕೂ ಮೊದಲೇ, ನಾಮದೇವರ ಕಲ್ಲು ಕೆತ್ತಿ ಮುಗಿದ ಸಂಜೆ, ಇಬ್ಬರೂ ಕಾಗಿಣಾ ದಂಡೆಗೆ ಹೋದರು. ಅಜಯಕುಮಾರ ಕೆತ್ತನೆಯ ಹಾಳಿಯನ್ನೂ, ಕಿಸೆಯಲ್ಲಿದ್ದ ಆ ಅರ್ಧ ತುಂಡನ್ನೂ ನೀರಿಗೆ ಬಿಟ್ಟ. ಗಾಳಿ ಇರಲಿಲ್ಲ. ಆದರೂ ಆ ಚಿಕ್ಕ ತುಂಡು ದಂಡೆಯ ಬಳಿಯೇ ಒಂದು ಸುತ್ತು ತಿರುಗಿ, ಅವರ ಕಾಲ ಹತ್ತಿರ ಬಂದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು. ಇಬ್ಬರೂ ನೋಡಿದರು.

ಕತ್ತಲಾಗುತ್ತ ಬಂತು.

"ರಂಜನಾ, ಒಮ್ಮೆ ನನ್ನ ಹೆಸರು ಹಿಡದು ಕರೀ. ನೀ ಕರೀದೆ ಭಾಳ ದಿನ ಆತು."

"ಇಲ್ಲ."

"ಯಾಕ? ಇನ್ನೂ ಹೆದರಿಕಿ ಏನು?"

ಅವಳು ತಲೆ ತಗ್ಗಿಸಿದಳು. "ಅಮ್ಮನ ಮುಂದ ಹೇಳಿದ್ನಲ್ಲ, ಅದೇ ಕಡೀದು. ನಮ್ಮಮ್ಮ ನಮ್ಮಪ್ಪನ ಹೆಸರು ಎಂದರ ಹಿಡದದ್ದು ಕೇಳೀರೇನು?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಹೊಳೆಯ ಕಡೆ ತಿರುಗಿದ.

"ಮತ್ತ... ಹೆಂಗ ಕರೀತಿ ನನ್ನ?"

ಅವಳು ಮೆಲ್ಲಗೆ, ನೀರಿನ ಸದ್ದಿಗಿಂತ ಸ್ವಲ್ಪವೇ ಜೋರಾಗಿ, ಕರೆದಳು.

"ರೀ..."

"ಓ," ಅಂದ ಅವನು, ತಡಮಾಡದೆ.